ಗುಡಿಸಿದ ಮೇಲೆ ಬರುವ ಸೀನು

ಬೆಳಗ್ಗೆ ಕಸಬರಿಗೆ ಹಿಡಿದು ಕೋಣೆ ಗುಡಿಸಿ, ಕಿಟಕಿಯಿಂದ ಬಿಸಿಲುಕೋಲು ಬೀಳುವ ಕಡೆ ಒಂದು ಗಳಿಗೆ ನಿಂತು ನೋಡಿ. ನೆಲದ ಮೇಲಿದ್ದದ್ದು ಈಗ ಗಾಳಿಯಲ್ಲಿದೆ. ಕೂದಲು, ಅಕ್ಕಿಕಾಳು, ಕಾಗದದ ಚೂರು ಮೊರಕ್ಕೆ ಬಂದವು ನಿಜ. ಮೂಗಿಗೆ ತೊಂದರೆ ಕೊಡುವ ಸಣ್ಣ ಪುಡಿ ಮಾತ್ರ ಎದ್ದು ಸೋಫಾ, ದಿಂಬು, ಕರ್ಟನ್ನು ಎಲ್ಲಕ್ಕೂ ಪಾಲು ಹಂಚಿಕೊಂಡು ಕೂತಿತು. ಹತ್ತು ನಿಮಿಷದಲ್ಲಿ ಮನೆಯಲ್ಲಿ ಯಾರಾದರೂ ಒಬ್ಬರು ಸಾಲಾಗಿ ಏಳೆಂಟು ಸಲ ಸೀನುತ್ತಾರೆ. ಧೂಳಿನ ಅಲರ್ಜಿ ಎಂದು ಎಲ್ಲರೂ ಒಪ್ಪಿ, ಮರುದಿನ ಇನ್ನೂ ಜೋರಾಗಿ ಗುಡಿಸುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಕಡೆ ಮಳೆಗೆ ಬರ ಬಂದೀತು, ಧೂಳಿಗೆ ಬರುವುದಿಲ್ಲ. ಆಷಾಢದ ಗಾಳಿ, ಹೈವೇ ಲಾರಿಗಳು, ಸುಗ್ಗಿಯಲ್ಲಿ ರಸ್ತೆ ಮೇಲೇ ಒಣಗುವ ಮೆಕ್ಕೆಜೋಳ ಎಲ್ಲವೂ ಮನೆಯೊಳಕ್ಕೆ ತಮ್ಮ ತಮ್ಮ ಕಾಣಿಕೆ ಕಳಿಸುತ್ತವೆ. ಹಾಗಾಗಿ ಇಲ್ಲಿನವರು ಸೀನಿಗೆಲ್ಲ ರಸ್ತೆಯನ್ನೇ ದೂರುತ್ತಾರೆ. ಆದರೆ ಬರೀ ಮಣ್ಣಿಗೆ ಅಲರ್ಜಿ ಆಗುವುದಿಲ್ಲ. ಮಣ್ಣು ಮೂಗನ್ನು ಕೆರಳಿಸುತ್ತದೆ, ಗಂಟಲು ಒಣಗಿಸುತ್ತದೆ, ಅಷ್ಟೇ. ಅಲರ್ಜಿ ಹುಟ್ಟಿಸುವುದು ಜೀವಿಗಳಿಂದ ಬಂದ ಪ್ರೋಟೀನು: ನುಸಿಯ ಹಿಕ್ಕೆ, ಜಿರಳೆಯ ಎಂಜಲು, ಬೂಷ್ಟಿನ ಬೀಜಕಣ, ಬೆಕ್ಕಿನ ಚರ್ಮದ ಹೊಟ್ಟು, ಹೂವಿನ ಪರಾಗ. ಈ ಐದರಲ್ಲಿ ಪರಾಗ ಹೊರಗಿನದು, ಬೂಷ್ಟಿನ ಬೀಜಕಣ ಹೊರಗಿನಿಂದಲೂ ಬರುತ್ತದೆ, ಒಳಗೂ ಹುಟ್ಟುತ್ತದೆ. ಉಳಿದ ಮೂರೂ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಬೆಳೆಯುವಂಥವು. ರಸ್ತೆಗೆ ಎಷ್ಟು ನೀರು ಹೊಡೆದರೂ ದಿಂಬಿನೊಳಗಿನ ನುಸಿ ಕಡಿಮೆಯಾಗದು.

ನುಸಿ ಅಂದರೆ ಹೊಸದುರ್ಗ, ಹಿರಿಯೂರು ಕಡೆಯ ತೆಂಗು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಯಿಯ ಸಿಪ್ಪೆ ಕಂದು ಮಾಡಿ ಒರಟು ಮಾಡುವ ಆ ನುಸಿಯ ದೂರದ ನೆಂಟನೇ ಹಾಸಿಗೆಯಲ್ಲಿರುವ ಡಸ್ಟ್ ಮೈಟ್. ಧೂಳು ನುಸಿ ಎನ್ನೋಣ. ಜೇಡ, ಚೇಳು, ಉಣುಗುಗಳ ಬಳಗ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಬರಿಗಣ್ಣಿಗೆ ಕಾಣದು. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ತೊಂದರೆ ಇರುವುದು ಈ ಹಿಕ್ಕೆಯಲ್ಲಿ, ಅದರೊಳಗಿನ ಜೀರ್ಣರಸದ ಕಿಣ್ವದಲ್ಲಿ. ಹಿಕ್ಕೆಯ ಉಂಡೆ 10ರಿಂದ 40 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇರುವುದರಿಂದ ಗಾಳಿಯಲ್ಲಿ ಬಹಳ ಹೊತ್ತು ತೇಲದು, ಎಬ್ಬಿಸಿದರೆ ಅರ್ಧ ಗಂಟೆಯೊಳಗೆ ಮತ್ತೆ ಕೆಳಗಿಳಿಯುತ್ತದೆ. ಗುಡಿಸಿದ ಕೂಡಲೇ ಸೀನು, ಹಾಸಿಗೆ ಕೊಡವಿದ ಕೂಡಲೇ ಸೀನು, ಆಮೇಲೆ ತಾನೇ ತಣ್ಣಗಾಗುವುದು ಇದಕ್ಕೇ.

ನುಸಿಗೆ ಬಾಯಾರಿಕೆ ಉಂಟು, ನೀರು ಕುಡಿಯುವ ಬಾಯಿಲ್ಲ. ಗಾಳಿಯ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಹಾಗೇ ನಿಂತರೆ ದಿನದಿನಕ್ಕೂ ಒಣಗಿ ಸಾಯುತ್ತದೆ. ಇಲ್ಲಿ ಬಯಲುಸೀಮೆಯವರಿಗೆ ಒಂದು ಪುಣ್ಯವಿದೆ. ಕರಾವಳಿಯವರಿಗೆ, ಮಲೆನಾಡಿನವರಿಗೆ ವರ್ಷವಿಡೀ ತೇವದ ಜೊತೆ ಗುದ್ದಾಟ. ಇಲ್ಲಿ ಫೆಬ್ರವರಿಯಿಂದ ಮೇ ತನಕ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ನುಸಿ ಹೆಚ್ಚುವುದು ಜೂನ್ ಮೇಲೆ. ಈ ಭಾಗಕ್ಕೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು, ಹಾಗಾಗಿ ದಸರಾ ದೀಪಾವಳಿ ಹೊತ್ತಿಗೆ ಹಾಸಿಗೆಯಲ್ಲಿ ನುಸಿ ತುಂಬಿರುತ್ತದೆ. ಚಳಿಗಾಲದ ಒಣಹವೆಗೆ ನುಸಿ ಸಾಯತೊಡಗಿದರೂ ಹಿಕ್ಕೆ ಎಲ್ಲಿಗೂ ಹೋಗದು, ಒಣಗಿ ಪುಡಿಯಾಗಿ ಇನ್ನೂ ಸುಲಭವಾಗಿ ಏಳುತ್ತದೆ. ಡಿಸೆಂಬರಿನಲ್ಲಿ ಸೀನು ಬಂದರೆ ಚಳಿಯನ್ನು ಬೈಯುತ್ತೇವೆ. ಸಾಲ ಮಳೆಗಾಲದ್ದು.

ಸ್ವಚ್ಛತೆ ಶುರುವಾಗಬೇಕಾದದ್ದು ಮಲಗುವ ಕಡೆಯಿಂದ. ದಿನದ ಏಳೆಂಟು ತಾಸು ಮೂಗು ದಿಂಬಿಗೆ ಅಂಟಿಕೊಂಡಿರುತ್ತದೆ. ಪಡಸಾಲೆ ಎಷ್ಟು ಫಳಫಳ ಹೊಳೆದರೂ ಆ ದಿಂಬು ಹತ್ತು ವರ್ಷದ ಹಳೆಯದಾಗಿದ್ದರೆ ಪ್ರಯೋಜನವಿಲ್ಲ. ದುಡ್ಡು ಕಡಿಮೆಯಿದ್ದರೆ ಮೊದಲು ಬದಲಿಸಬೇಕಾದದ್ದು ದಿಂಬು, ಆಮೇಲೆ ಗಾದಿ. ಹತ್ತಿ ಬೇಡ ಫೋಮ್ ತಗೊಳ್ಳಿ, ಅದರಲ್ಲಿ ನುಸಿ ಆಗಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಹೊಸದರಲ್ಲಿ ಇರುವುದಿಲ್ಲ, ನಿಜ. ಕೆಲವೇ ತಿಂಗಳಲ್ಲಿ ನಮ್ಮ ಚರ್ಮದ ಹೊಟ್ಟು, ಬೆವರು ಇಳಿದ ಮೇಲೆ ಫೋಮೂ ಒಂದೇ, ಬೂರುಗದ ಹತ್ತಿಯೂ ಒಂದೇ.

ಬೆಡ್‌ಶೀಟು, ದಿಂಬಿನ ಕವರು ವಾರಕ್ಕೊಮ್ಮೆ ಬಿಸಿನೀರಿಗೆ ಬೀಳಬೇಕು. ನುಸಿ ಸಾಯಲು 55ರಿಂದ 60 ಡಿಗ್ರಿ ಬೇಕು. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ 60 ಡಿಗ್ರಿಯ ಆಯ್ಕೆ ಇರುತ್ತದೆ. ಮೇಲಿಂದ ಬಟ್ಟೆ ಹಾಕುವ ಎಷ್ಟೋ ಮೆಷಿನ್‌ಗಳಲ್ಲಿ ಹೀಟರೇ ಇರುವುದಿಲ್ಲ. ಅಂಥ ಮನೆಗಳಲ್ಲಿ ಬಕೆಟ್ಟಿನ ಲೆಕ್ಕ ಹೀಗೆ: ಕುದಿಯುವ ನೀರು, ನಲ್ಲಿ ನೀರು ಸಮಸಮ ಬೆರೆಸಿದರೆ ಸುಮಾರು 62 ಡಿಗ್ರಿ ಆಗುತ್ತದೆ. ಸಾಕಲ್ಲ ಅನ್ನಿಸುತ್ತದೆ, ಸಾಲದು. ಸುರಿಯುವಾಗ ಒಂದಿಷ್ಟು ಕಾವು ಹೋಗುತ್ತದೆ, ಬಕೆಟ್ಟು ಒಂದಿಷ್ಟು, ಬಟ್ಟೆ ಒಂದಿಷ್ಟು ಎಳೆದುಕೊಳ್ಳುತ್ತವೆ, ಐದೇ ನಿಮಿಷದಲ್ಲಿ 55ರ ಕೆಳಗೆ. 10 ಲೀಟರ್ ಕುದಿನೀರಿಗೆ 5 ಲೀಟರ್ ನಲ್ಲಿ ನೀರು ಹಾಕಿ, 75ರ ಹತ್ತಿರ ಬರುತ್ತದೆ. ಬಟ್ಟೆಯನ್ನು ಮಡಿಕೆ ಬಿಚ್ಚಿ, ಕೋಲಿನಿಂದ ಒತ್ತಿ ಪೂರ್ತಿ ಮುಳುಗಿಸಿ, ಮೇಲೊಂದು ತಟ್ಟೆ ಮುಚ್ಚಿ, 20 ನಿಮಿಷ ಬಿಡಿ. ಬಚ್ಚಲಿಗೆ ಚಿಕ್ಕ ಮಕ್ಕಳು ಬಾರದಂತೆ ಬಾಗಿಲು ಹಾಕಿಕೊಳ್ಳಿ. ಆಮೇಲೆ ಎಂದಿನಂತೆ ಸೋಪಿನ ಪುಡಿಯಲ್ಲಿ ಒಗೆಯಿರಿ. ಸೋಲಾರ್ ನೀರಿದೆಯಲ್ಲ ಎನ್ನುವವರು ನಲ್ಲಿಯಿಂದ ಬಕೆಟ್ಟಿಗೆ ಬಿದ್ದ ನೀರಿಗೆ ಒಮ್ಮೆ ಥರ್ಮಾಮೀಟರ್ ಇಟ್ಟು ನೋಡಬೇಕು. ಜ್ವರ ನೋಡುವುದಲ್ಲ, ಅಡುಗೆಯದು. ಟ್ಯಾಂಕಿನಲ್ಲಿ 60 ಇದ್ದರೂ ಪೈಪು ದಾಟಿ ಬರುವಷ್ಟರಲ್ಲಿ ಇಳಿದಿರುತ್ತದೆ, ಮೋಡದ ದಿನವಂತೂ ಕೇಳುವುದೇ ಬೇಡ.

ಬಿಸಿನೀರು ಆಗದ ವಾರ ತಣ್ಣೀರಲ್ಲೇ ಒಗೆದರೂ ನಷ್ಟವಿಲ್ಲ. ನುಸಿ ಬದುಕಿ ಉಳಿಯುತ್ತದೆ, ಆದರೆ ಹಿಕ್ಕೆಯ ಪ್ರೋಟೀನು ನೀರಿನಲ್ಲಿ ಕರಗುವಂಥದ್ದು, ಬಹುಪಾಲು ತೊಳೆದುಹೋಗುತ್ತದೆ. ಒಂದು ಎಚ್ಚರಿಕೆ. ಬೋರ್‌ವೆಲ್ ನೀರು ಗಡುಸಾಗಿರುವ ಕಡೆ ಸೋಪು ಸರಿಯಾಗಿ ನೊರೆ ಬರದೆ ಬಟ್ಟೆಯಲ್ಲೇ ಕೂರುತ್ತದೆ. ಪುಡಿ ಹೆಚ್ಚು ಹಾಕಿ ಕಡಿಮೆ ಜಾಲಾಡಿಸಿದ ಬೆಡ್‌ಶೀಟು ಚರ್ಮದ ಅಲರ್ಜಿ ಇದ್ದವರಿಗೆ ರಾತ್ರಿಯಿಡೀ ತುರಿಕೆ ಕೊಡುತ್ತದೆ, ದೂರು ಮಾತ್ರ ನುಸಿಯ ಮೇಲೆ ಬೀಳುತ್ತದೆ. ಎರಡು ಸಲ ಜಾಲಾಡಿಸಿ.

ಗಾದಿಯನ್ನು ಒಗೆಯಲಾಗದು. ಅದಕ್ಕೆ ಎರಡು ದಾರಿ, ಕವರು ಮತ್ತು ಬಿಸಿಲು. ನುಸಿ ತಡೆಯುವ ಕವರೆಂದರೆ ನಾಲ್ಕು ಮೂಲೆಗೆ ಎಲಾಸ್ಟಿಕ್ ಇರುವ ಬೆಡ್‌ಶೀಟ್ ಅಲ್ಲ. ಆರೂ ಮುಖ ಮುಚ್ಚಿ ಜಿಪ್ ಎಳೆಯುವಂಥದ್ದು, ನೇಯ್ಗೆಯ ರಂಧ್ರ 10 ಮೈಕ್ರಾನ್‌ಗಿಂತ ಚಿಕ್ಕದಿರುವಂಥದ್ದು. ಜಿಪ್ಪಿನ ಕೊನೆಯಲ್ಲಿ ಒಂದು ಬೆರಳು ಹೋಗುವಷ್ಟು ಸಂದಿ ಉಳಿದಿರುತ್ತದೆ, ಅಲ್ಲಿ ಬಟ್ಟೆಯ ಟೇಪು ಅಂಟಿಸಿ. ಅಗ್ಗದ ಪ್ಲಾಸ್ಟಿಕ್ ಕವರೂ ನುಸಿ ತಡೆಯುತ್ತದೆ, ಆದರೆ ಏಪ್ರಿಲ್ ರಾತ್ರಿಯಲ್ಲಿ ಅದರ ಮೇಲೆ ಮಲಗಿದವರು ಬೆವತು ಎದ್ದು ಎರಡನೇ ದಿನಕ್ಕೇ ಕಿತ್ತೆಸೆಯುತ್ತಾರೆ. ಮೇಲೊಂದು ದಪ್ಪ ಹತ್ತಿ ಜಮಖಾನೆ ಹಾಸಿದರೆ ತಡೆದುಕೊಳ್ಳಬಹುದು. ಬರೀ ಕವರಿನಿಂದ ಉಬ್ಬಸ ಹೋಗುತ್ತದೆ ಎಂದು ಮಾರುವವರನ್ನು ನಂಬಬೇಡಿ. ಅದೊಂದನ್ನೇ ಮಾಡಿ ಬಿಟ್ಟವರಿಗೆ ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಒಗೆತ, ಒಣಗು, ಕವರು ಎಲ್ಲವೂ ಕೂಡಿದಾಗ ಕೆಲಸ ಮಾಡುತ್ತದೆ.

ಬಿಸಿಲಿಗೆ ಹಾಕುವುದಕ್ಕೂ ಕ್ರಮವಿದೆ. ಬೆಳಗಿನ ಎಳೆಬಿಸಿಲು ಸಾಲದು. 11ರಿಂದ 3ರವರೆಗೆ ತಾರಸಿಯ ಸಿಮೆಂಟ್ ನೆಲ ಕಾಲಿಡಲಾಗದಷ್ಟು ಕಾದಿರುತ್ತದಲ್ಲ, ಆಗ ಗಾದಿ, ದಿಂಬು ನೇರ ಆ ನೆಲದ ಮೇಲೇ ಹಾಕಿ, ಒಂದು ಗಂಟೆಗೆ ಒಮ್ಮೆ ಮಗುಚಿ. ಮೇಲಿಂದ ಬಿಸಿಲು, ಕೆಳಗಿಂದ ಕಾದ ನೆಲ. ನುಸಿಯನ್ನು ಕೊಲ್ಲುವುದು ಬೆಳಕಲ್ಲ, ಕಾವು ಮತ್ತು ಒಣಗು. ತಂತಿಯ ಮೇಲೆ ನೇತುಹಾಕಿದರೆ ಗಾಳಿಗೆ ತಂಪಾಗುತ್ತದೆ. ನಾಲ್ಕು ತಾಸು ಕಾದ ಮೇಲೆ ಅಲ್ಲೇ ತಾರಸಿಯಲ್ಲೇ, ಗಾಳಿಗೆ ಬೆನ್ನು ಮಾಡಿ, ಕೋಲಿನಿಂದ ಎರಡೂ ಬದಿ ಚೆನ್ನಾಗಿ ಬಡಿಯಬೇಕು. ಸತ್ತ ನುಸಿ, ಹಿಕ್ಕೆ ಇನ್ನೂ ಒಳಗೇ ಇರುತ್ತವೆ, ಬಿಸಿಲು ಅವನ್ನು ಎತ್ತಿಕೊಂಡು ಹೋಗುವುದಿಲ್ಲ. ಬಡಿಯುವವರು ಅಲರ್ಜಿ ಇಲ್ಲದವರಾಗಿರಲಿ, ಮೂಗಿಗೆ ಎನ್95 ಮಾಸ್ಕ್ ಇರಲಿ. ಟವೆಲ್ ಸುತ್ತಿಕೊಂಡರೆ ಮರಳು ನಿಲ್ಲುತ್ತದೆ, ಈ ಪುಡಿ ನಿಲ್ಲುವುದಿಲ್ಲ.

ಹತ್ತಿ ಗಾದಿಯನ್ನು ಬಿಚ್ಚಿಸಿ ಹಿಂಜಿಸಿ ಮತ್ತೆ ಹೊಲಿಸುವ ಪದ್ಧತಿ ಈ ಕಡೆ ಇನ್ನೂ ಇದೆ. ಒಳ್ಳೆಯದೇ. ಆದರೆ ಮನೆ ಪಡಸಾಲೆಯಲ್ಲಿ ಹಿಂಜಿಸಬೇಡಿ. ವರ್ಷಗಳ ಹಿಕ್ಕೆ ಒಂದೇ ಮಧ್ಯಾಹ್ನದಲ್ಲಿ ಮನೆಯೆಲ್ಲ ಹಾರುತ್ತದೆ. ಅಂಗಡಿಯ ಮೆಷಿನ್ನಿಗೆ ಕಳಿಸಿ, ಹಳೆಯ ಮೇಲುಬಟ್ಟೆ ಅಲ್ಲೇ ಬಿಟ್ಟು ಹೊಸದು ಹಾಕಿಸಿ.

ಇಲ್ಲೊಂದು ಮಾತು. ಚಾಪೆ, ಕೌದಿ, ಕಂಬಳಿಯ ಹಳೆಯ ಹಾಸಿಗೆ ಈ ವಿಷಯದಲ್ಲಿ ಈಗಿನ ಸ್ಪ್ರಿಂಗ್ ಹಾಸಿಗೆಗಿಂತ ಜಾಣ. ಅದರ ಪ್ರತಿಯೊಂದು ಪದರವೂ ಬಿಡಿ, ಪ್ರತಿಯೊಂದನ್ನೂ ಒಗೆಯಬಹುದು, ಇಲ್ಲವೇ ಬಿಸಿಲಿಗೆ ಒಯ್ಯಬಹುದು. ಬೆಳಗ್ಗೆ ಎದ್ದು ಸುತ್ತಿಟ್ಟರೆ ಆಯಿತು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಕೆರೆಗೋ ಕಾಲುವೆಗೋ ಹೊತ್ತು ಒಗೆಯುವುದಿತ್ತಲ್ಲ, ನುಸಿಯ ಹೆಸರು ಗೊತ್ತಿಲ್ಲದೆಯೇ ನುಸಿ ಹೆಚ್ಚಿರುವ ತಿಂಗಳನ್ನೇ ಹಿಡಿದಿದ್ದರು. ಆದರೆ ಹಳೆಯದೆಲ್ಲ ಬಂಗಾರ ಎನ್ನುವ ಹಾಗಿಲ್ಲ. ಕೌದಿ ಏಳೆಂಟು ಪದರ ಹಳೆ ಸೀರೆಯದು, ನೆನೆದರೆ ಇಬ್ಬರು ಹಿಡಿದು ಹಿಂಡಬೇಕು, ಮೋಡದ ದಿನ ಎರಡು ದಿನವಾದರೂ ಒಳಪದರ ಆರುವುದಿಲ್ಲ. ಮುಟ್ಟಿ ನೋಡಿದರೆ ಒಣಗಿದಂತಿರುತ್ತದೆ, ಮಡಚಿ ಪೆಟ್ಟಿಗೆಗೆ ಹಾಕಿದ ವಾರಕ್ಕೆ ಮುಗ್ಗಲು ವಾಸನೆ. ಕೌದಿಯ ನಡುಭಾಗ ಕೆನ್ನೆಗೆ ಒತ್ತಿ ನೋಡಿ. ತಂಪು ಅನ್ನಿಸಿದರೆ ಇನ್ನೂ ಹಸಿಯಿದೆ.

ಚಳ್ಳಕೆರೆ ಕಂಬಳಿಯದು ಇನ್ನೊಂದು ಕಥೆ. ಮಳೆಗಾಲವೆಲ್ಲ ಟ್ರಂಕಿನಲ್ಲಿದ್ದು ಕಾರ್ತಿಕದ ಚಳಿಗೆ ಹೊರಬರುತ್ತದೆ, ಹೊದ್ದ ಮೊದಲ ರಾತ್ರಿಯೇ ಸೀನು. ಉಣ್ಣೆಗೆ ಅಲರ್ಜಿ ಎಂದು ತೀರ್ಮಾನ. ಸಾಮಾನ್ಯವಾಗಿ ಅದು ಉಣ್ಣೆಯದಲ್ಲ, ಟ್ರಂಕಿನಲ್ಲಿ ಸೇರಿಕೊಂಡದ್ದರದ್ದು. ಹೊದೆಯುವ ಎರಡು ದಿನ ಮೊದಲೇ ತೆಗೆದು, ಮೇಲೆ ಹೇಳಿದಂತೆ ಬಿಸಿಲಿಗೆ ಹಾಕಿ ಬಡಿಯಿರಿ, ಒಳಗೊಂದು ಹತ್ತಿ ಬಟ್ಟೆ ಸೇರಿಸಿ ಹೊದೆಯಿರಿ. ಟ್ರಂಕಿಗೆ ನುಸಿಗುಳಿಗೆ ಹಾಕಿದ್ದೆವಲ್ಲ ಎನ್ನುತ್ತಾರೆ. ಹೆಸರು ನೋಡಿ ಮೋಸ ಹೋಗಬೇಡಿ. ಆ ಗುಳಿಗೆ ಉಣ್ಣೆ ತಿನ್ನುವ ಪತಂಗದ ಹುಳಕ್ಕೆ. ಧೂಳು ನುಸಿಗೆ ಅದು ಮದ್ದಲ್ಲ. ಅದರ ಘಾಟು ಉಬ್ಬಸದವರ ಎದೆ ಬಿಗಿಸುತ್ತದೆ, ಎಳೆಗೂಸಿನ ಬಟ್ಟೆಯ ಹತ್ತಿರವಂತೂ ಇಡಲೇಬಾರದು.

ಮಕ್ಕಳ ತುಪ್ಪಳದ ಬೊಂಬೆಗಳಿಗೆ ಫ್ರೀಜರ್ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ದಿನ. ಆಮೇಲೆ ಒಗೆಯಬೇಕು, ಚಳಿ ನುಸಿಯನ್ನು ಕೊಲ್ಲುತ್ತದೆಯೇ ಹೊರತು ಹಿಕ್ಕೆಯನ್ನು ಕರಗಿಸದು.

ಇನ್ನು ಕೋಣೆ. ಮೇಲಿಂದ ಕೆಳಕ್ಕೆ, ಒದ್ದೆಯಿಂದ. ಸೂತ್ರ ಇಷ್ಟೇ, ತಪ್ಪುವುದೂ ಇಲ್ಲೇ. ಮೊದಲು ಇಲ್ಲಣ ತೆಗೆಯಿರಿ, ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಜಂತಿ, ತೊಲೆಯ ಮಾಳಿಗೆ ಮನೆಗಳಲ್ಲಿ ಮೇಲಿಂದ ಮಣ್ಣು ಉದುರುತ್ತಲೇ ಇರುತ್ತದೆ, ಮಲಗುವ ಜಾಗದ ಮೇಲಾದರೂ ತೆಳು ಬಟ್ಟೆಯ ಮೇಲ್ಕಟ್ಟು ಕಟ್ಟಿ ತಿಂಗಳಿಗೊಮ್ಮೆ ಬಿಚ್ಚಿ ಒಗೆಯುವುದು ಲೇಸು. ಆಮೇಲೆ ಫ್ಯಾನು. ಒಗೆಯಲು ತೆಗೆದಿಟ್ಟ ಹಳೆ ದಿಂಬಿನ ಕವರನ್ನು ಒಳಗೆ ಸ್ವಲ್ಪ ತೇವ ಮಾಡಿ, ರೆಕ್ಕೆಗೆ ಚೀಲದಂತೆ ತೊಡಿಸಿ, ಬುಡದಿಂದ ಎರಡೂ ಅಂಗೈಯಲ್ಲಿ ಒತ್ತಿ ಹಿಂದಕ್ಕೆ ಎಳೆದರೆ ಕರೀ ಪಟ್ಟಿಯಷ್ಟೂ ಕವರಿನೊಳಗೇ ಬೀಳುತ್ತದೆ. ಒಂದು ಚೂರೂ ಹಾಸಿಗೆ ಮೇಲೆ ಬೀಳದು. ಕವರನ್ನು ಹಾಗೇ ಒಳಮಗ್ಗುಲು ಹೊರಗೆ ಬಾರದಂತೆ ಮಡಚಿ ಬಕೆಟ್ಟಿಗೆ ಹಾಕಿ. ಮೂರು ರೆಕ್ಕೆಗೆ ಮೂರು ಕವರಾದರೆ ಇನ್ನೂ ಒಳ್ಳೆಯದು. ಒಣಬಟ್ಟೆಯಿಂದ ಫ್ಯಾನ್ ಒರೆಸಿ, ಮುಗಿದ ತಕ್ಷಣ ಸ್ಪೀಡ್ ಐದಕ್ಕೆ ತಿರುಗಿಸಿ ನೋಡುವವರಿದ್ದಾರೆ. ಅದಕ್ಕಿಂತ ಒರೆಸದೇ ಇರುವುದು ಮೇಲು.

ಫ್ಯಾನ್ ಆದ ಮೇಲೆ ಬೀರುವಿನ ನೆತ್ತಿ, ಕಿಟಕಿ ಸರಳು, ಮೇಜು. ಕಡೆಗೆ ನೆಲ. ಕಸಬರಿಗೆ ಬಿಡಲಾಗದು, ಗೊತ್ತು. ದಪ್ಪ ಕಸಕ್ಕೆ ಅದನ್ನು ನಿಧಾನವಾಗಿ, ನೆಲಕ್ಕೆ ಒತ್ತಿ, ಎತ್ತಿ ಬೀಸದೆ ಎಳೆಯಿರಿ. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವುದು ಎಲ್ಲರಿಗೂ ಗೊತ್ತು, ಒಳಗೆ ಮಾತ್ರ ಆ ಬುದ್ಧಿ ಮರೆತುಹೋಗುತ್ತದೆ. ಕೋಣೆಯೊಳಗೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಅಥವಾ ಚಪ್ಪಟೆ ಮಾಪು ಸಾಕು. ಎರಡು ಬಕೆಟ್ ಇರಲಿ, ಒಂದರಲ್ಲಿ ಬಟ್ಟೆ ತೊಳೆಯುವ ನೀರು, ಇನ್ನೊಂದರಲ್ಲಿ ಒರೆಸುವ ನೀರು. ಒಂದೇ ಬಕೆಟ್ಟಿನ ಕೆಸರುನೀರಲ್ಲಿ ನಾಲ್ಕು ಕೋಣೆ ಒರೆಸಿದರೆ ಮೊದಲ ಕೋಣೆಯ ಧೂಳು ಕೊನೆಯ ಕೋಣೆಯಲ್ಲಿ ಒಣಗಿ ಮತ್ತೆ ಏಳುತ್ತದೆ. ಫಿನಾಯಿಲ್ ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛ ಅಂತೇನಿಲ್ಲ, ವಾಸನೆ ಹೆಚ್ಚು ಅಷ್ಟೇ. ಮಂಚದ ಕೆಳಗಿನ ಟ್ರಂಕು, ಅಕ್ಕಿ ಚೀಲ ಎಳೆಯದೆ ಸುತ್ತ ಒರೆಸಿದ್ದು ಒರೆಸಿದಂತಲ್ಲ. ಅಕ್ಕಿ, ಜೋಳದ ಚೀಲ ಮಲಗುವ ಕೋಣೆಯಲ್ಲಿ ಇರಲೇಬಾರದು. ಕಾಳಿನ ಪುಡಿಯಲ್ಲಿ ಬದುಕುವ ಬೇರೆಯೇ ಜಾತಿಯ ನುಸಿಗಳಿವೆ.

ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವುದಾದರೆ ಹೆಪಾ ಫಿಲ್ಟರ್ ಇರುವುದು. 0.3 ಮೈಕ್ರಾನಿನ ಕಣಗಳನ್ನೂ ಶೇಕಡಾ 99.97ರಷ್ಟು ಹಿಡಿಯುವ ಫಿಲ್ಟರಿಗೆ ಆ ಹೆಸರು. ಅದಿಲ್ಲದ್ದು ಮುಂದಿನಿಂದ ಎಳೆದ ಸಣ್ಣ ಪುಡಿಯನ್ನು ಹಿಂದಿನಿಂದ ಉಗುಳುತ್ತದೆ, ಕಸಬರಿಗೆಗಿಂತ ದುಬಾರಿ ಕಸಬರಿಗೆ. ಡಬ್ಬಿ ಖಾಲಿ ಮಾಡುವುದು ಹೊರಗೆ. ಜೀವಂತ ನುಸಿ ನೂಲಿಗೆ ಕಚ್ಚಿಕೊಂಡಿರುತ್ತದೆ, ಎಳೆತಕ್ಕೆ ಜಗ್ಗದು.

ಬೇಸಿಗೆಯಲ್ಲಿ ನುಸಿಗೆ ಬಿಸಿಲು ಮಾರಿ ಎಂದೆವಲ್ಲ, ಅದನ್ನು ಕೆಡಿಸುವ ಯಂತ್ರ ಈಗ ಮನೆಮನೆಯಲ್ಲಿದೆ. ಏರ್ ಕೂಲರ್. ಏಪ್ರಿಲ್‌ನ ಒಣಗಾಳಿಗೆ ನೀರು ಕುಡಿಸಿ ಕೋಣೆಯೊಳಗೇ ಒಂದು ಮಳೆಗಾಲ ಮಾಡಿಕೊಡುತ್ತದೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದ ಕೋಣೆಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಗೋಡೆಯೂ ದಿಂಬೂ ತಣ್ಣಗೆ ಜಿಗುಟಾಗುತ್ತವೆ. ಕೂಲರನ್ನು ಹೊರಗಿನ ಗಾಳಿ ಎಳೆದುಕೊಳ್ಳುವಂತೆ ಕಿಟಕಿಗೆ ಇಟ್ಟು, ಎದುರಿನ ಕಿಟಕಿ ಕಾಲುಭಾಗ ತೆರೆದಿಡಬೇಕು. ಅದರ ತಳದ ನೀರು ದಿನವಿಡೀ ಬೆಚ್ಚಗಿದ್ದು ಲೋಳೆಗಟ್ಟುತ್ತದೆ. ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಬಸಿದು, ತಿಕ್ಕಿ ತೊಳೆದು ಹೊಸ ನೀರು ತುಂಬಿ. ಗಡುಸು ನೀರಿನ ಊರುಗಳಲ್ಲಿ ಪ್ಯಾಡಿನ ಮೇಲೆ ಬಿಳಿ ಸುಣ್ಣದ ಪದರ ಕೂತು ನೀರು ಸಮನಾಗಿ ಇಳಿಯುವುದಿಲ್ಲ, ಅರ್ಧ ಒಣ ಅರ್ಧ ಹಸಿ ಇರುವಲ್ಲೇ ಬೂಷ್ಟು ಹಿಡಿಯುವುದು. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಿಸಿ. ಹೋದ ವರ್ಷದ್ದನ್ನೇ ತೊಳೆಯದೆ ಚಾಲೂ ಮಾಡಿದ ಮೊದಲ ದಿನ ಬರುವ ಮಣ್ಣಿನ ವಾಸನೆಯನ್ನು ಮಳೆ ವಾಸನೆ ಎಂದು ಮೆಚ್ಚುವವರಿದ್ದಾರೆ. ಅದು ಪ್ಯಾಡಿನಲ್ಲಿ ಬೆಳೆದ ಬೂಷ್ಟಿನ ವಾಸನೆ.

ಕೋಣೆಯ ತೇವ ಎಷ್ಟಿದೆ ಎಂದು ಊಹಿಸುವ ಬದಲು ಅಳೆಯಿರಿ. ಕೆಲವು ನೂರು ರೂಪಾಯಿಗೆ ಹೈಗ್ರೋಮೀಟರ್ ಸಿಗುತ್ತದೆ. ದಿಂಬಿನ ಎತ್ತರದಲ್ಲಿ ಇಟ್ಟು ಒಂದು ವಾರ ನೋಡಿದರೆ ಮನೆಯ ಗುಟ್ಟು ತಿಳಿಯುತ್ತದೆ. ಮಳೆಗಾಲದಲ್ಲಿ ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿದ ದಿನ ಮುಳ್ಳು ಹೇಗೆ ಏರುತ್ತದೆ ನೋಡಿ. ಮೆಷಿನ್ನಿನಿಂದ ಹಿಂಡಿ ಬಂದ ಒಂದು ರಾಶಿ ಬಟ್ಟೆಯಲ್ಲೂ ಒಂದೂವರೆ ಎರಡು ಲೀಟರ್ ನೀರು ಉಳಿದಿರುತ್ತದೆ, ಅಷ್ಟೂ ಕೋಣೆಯ ಗಾಳಿಗೇ ಸೇರಬೇಕು.

ಬೂಷ್ಟು ಕಂಡಲ್ಲಿ ಬಣ್ಣ ಬಳಿಯಬೇಡಿ, ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಬಚ್ಚಲ ಹಿಂಬದಿಯ ಗೋಡೆ, ತಾರಸಿ ಬಿರುಕು, ಹೊರಗೋಡೆಗೆ ಒತ್ತಿಟ್ಟ ಬೀರುವಿನ ಬೆನ್ನು. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದರೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಕಪ್ಪು ಕಲೆಯನ್ನು ಒಣಬ್ರಷ್ಷಿನಿಂದ ಕೆರೆಯಬಾರದು. ಮೊದಲು ಸೋಪುನೀರಿನಿಂದ ನೆನೆಸಿ, ತಿಕ್ಕಿ, ಒರೆಸಿ. ಟೈಲ್ಸ್ ಸಂದಿಗೆ 1 ಪಾಲು ಬ್ಲೀಚ್ ದ್ರಾವಣಕ್ಕೆ 10 ಪಾಲು ನೀರು, 10 ನಿಮಿಷ ಬಿಟ್ಟು ತೊಳೆಯಿರಿ, ಕಿಟಕಿ ತೆರೆದಿರಲಿ. ಕಕ್ಕಸು ತೊಳೆಯುವ ಆಸಿಡ್ಡನ್ನು ಇದರ ಜೊತೆ ಯಾವ ಕಾರಣಕ್ಕೂ ಬೆರೆಸಬಾರದು. ಕ್ಲೋರಿನ್ ವಿಷಗಾಳಿ ಏಳುತ್ತದೆ, ಅಲರ್ಜಿಯ ಮಾತು ಅಲ್ಲಿಗೆ ಮರೆತುಹೋಗುತ್ತದೆ. ಕಲೆ ಒಂದು ಚದರ ಮೀಟರಿಗಿಂತ ದೊಡ್ಡದಿದ್ದರೆ ಅದು ಮನೆಯವರು ತಿಕ್ಕಿ ಮುಗಿಸುವ ಕೆಲಸವಲ್ಲ, ಗಿಲಾವನ್ನೇ ನೋಡಬೇಕಾದ ಕೆಲಸ. ಹಬ್ಬಕ್ಕೆ ಸುಣ್ಣ ಬಳಿಯುವುದನ್ನು ಬಡವರ ಬಣ್ಣ ಎಂದು ಬಿಟ್ಟೆವು. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ನಿಲ್ಲುವುದಿಲ್ಲ, ಗೋಡೆ ಉಸಿರಾಡುತ್ತದೆ. ಹಸಿ ಗೋಡೆಗೆ ಎಮಲ್ಶನ್ ಬಳಿದರೆ ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ.

ಜಿರಳೆಗೆ ಸ್ಪ್ರೇ ಹೊಡೆದರೆ ಎದುರಿಗಿದ್ದವು ಸಾಯುತ್ತವೆ, ಉಳಿದವು ಚದುರುತ್ತವೆ. ಜೆಲ್ ಮೇಲು. ಅಕ್ಕಿಕಾಳಿನಷ್ಟು ಬೊಟ್ಟು, ಸಿಂಕಿನ ಕೆಳಗೆ, ಫ್ರಿಜ್ಜಿನ ಮೋಟರಿನ ಹಿಂದೆ, ಬಾಗಿಲ ಕೀಲುಗಳ ಸಂದಿಗೆ. ಜೆಲ್ ಇಟ್ಟ ಕಡೆ ಸ್ಪ್ರೇಯನ್ನೂ ಹೊಡೆದರೆ ಜಿರಳೆ ಅದನ್ನು ಮುಟ್ಟುವುದಿಲ್ಲ, ಎರಡೂ ದಂಡ. ರಾತ್ರಿ ಎಂಜಲು ಪಾತ್ರೆ ಸಿಂಕಿನಲ್ಲಿ ಬಿಟ್ಟು ಜೆಲ್ ಇಟ್ಟರೂ ಅಷ್ಟೇ, ಒಳ್ಳೆಯ ಊಟ ಬಿಟ್ಟು ಅದೇಕೆ ತಿಂದೀತು. ಜಿರಳೆ ಕಾಣದಾದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕಪಾಟಿನ ಮೂಲೆಯ ಕಾಫಿಪುಡಿಯಂಥ ಹಿಕ್ಕೆ ತಿಂಗಳುಗಟ್ಟಲೆ ಅಲರ್ಜಿ ಕೊಡುತ್ತಲೇ ಇರುತ್ತದೆ. ಡಬ್ಬಿಗಳನ್ನೆಲ್ಲ ಇಳಿಸಿ, ಬಿಸಿ ಸೋಪುನೀರಿನಲ್ಲಿ ಹಲಗೆ ಒರೆಸಬೇಕು. ಮನೆಯ ಬೆಕ್ಕಿನದು ಇನ್ನೂ ಹಟಮಾರಿ, ಬೆಕ್ಕು ಬಿಟ್ಟುಹೋದ ಮೇಲೂ ಅದರ ಹೊಟ್ಟು ತಿಂಗಳುಗಟ್ಟಲೆ ಗೋಡೆ, ಬಟ್ಟೆಯಲ್ಲಿ ಉಳಿಯುತ್ತದೆ. ಮಲಗುವ ಕೋಣೆಗೆ ಬಿಡದಿರುವುದು ಕನಿಷ್ಠ ಉಪಾಯ.

ಹೊರಗಿನದರಲ್ಲಿ ದೊಡ್ಡದು ಕಾಂಗ್ರೆಸ್ ಗಿಡ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಈಗ ಖಾಲಿ ಸೈಟು ಇರುವಲ್ಲೆಲ್ಲ ಇದೆ. ಮೊಳೆತು ಒಂದು, ಒಂದೂವರೆ ತಿಂಗಳಿಗೇ ಬಿಳಿ ಹೂ. ಪರಾಗ ಮೂಗಿಗೆ, ಎಲೆಯ ರಸ ಚರ್ಮಕ್ಕೆ. ಹೂ ಬರುವ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ತೊಟ್ಟು ಬೇರು ಸಮೇತ ಕೀಳಬೇಕು. ಹೂ ಬಂದ ಮೇಲೆ ಒಣಗಿಸಿ ಸುಡುವುದು ಬೇಡ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಹೂವಿನ ಸರದಿ. ಈ ದಿನಗಳಲ್ಲಿ ತಾರಸಿಯಲ್ಲಿ ಒಣಗಿಸಿದ ಬಟ್ಟೆಗೆ ಪರಾಗ ಅಂಟುತ್ತದೆ, ಹಾಗೆಂದು ಬಿಸಿಲು ಬಿಡಲಾಗದು. ಗಾಳಿ ಜೋರಿಲ್ಲದ ಮಧ್ಯಾಹ್ನ ನೋಡಿ ಹಾಕಿ, ಒಳತರುವ ಮುಂಚೆ ಜೋರಾಗಿ ಝಾಡಿಸಿ. ಮೆಕ್ಕೆಜೋಳ ಒಕ್ಕಿ ಬಂದವರು, ಅಡಿಕೆ ಸುಲಿದು ಬಂದವರು ಅದೇ ಅಂಗಿಯಲ್ಲಿ ಹಾಸಿಗೆಗೆ ಒರಗಬಾರದು. ಕಾಳಿನ ಧೂಳಿನ ತುಂಬ ಬೂಷ್ಟಿನ ಬೀಜಕಣವಿರುತ್ತದೆ. ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿಯ ಹೊಗೆ ಅಲರ್ಜಿ ಕೊಡುವಂಥದ್ದಲ್ಲ, ಅಲರ್ಜಿಯಿಂದ ಆಗಲೇ ಬಾತ ಮೂಗಿಗೆ ಉಪ್ಪು ಸವರುವಂಥದ್ದು. ದೇವರಿಗೆ ದೀಪ ಸಾಕು.

ಇಷ್ಟನ್ನೆಲ್ಲ ಹುಚ್ಚುಹಿಡಿದವರಂತೆ ಮಾಡುವ ಮುಂಚೆ ಯಾವುದಕ್ಕೆ ಅಲರ್ಜಿ ಎಂದು ತಿಳಿದುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಚರ್ಮಕ್ಕೆ ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆಯ ಫಲ 15-20 ನಿಮಿಷದಲ್ಲಿ ಗೊತ್ತಾಗುತ್ತದೆ. ಅಲರ್ಜಿ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳಿ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಫಲ ತಪ್ಪುತ್ತದೆ. ಜಿರಳೆಯ ಅಲರ್ಜಿ ಇದ್ದವರು ಗಾದಿಗೆ ಸಾವಿರಾರು ರೂಪಾಯಿಯ ಕವರು ತಂದರೆ ಏನು ಫಲ? ಮನೆ ಸ್ವಚ್ಛ ಆಯಿತೆಂದು ಇನ್‌ಹೇಲರ್ ತಾವಾಗಿ ಬಿಡಬಾರದು. ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಹಿಕ್ಕೆ ಒಂದೇ ಒಗೆತಕ್ಕೆ ಹೋಗುವಂಥದ್ದಲ್ಲ.

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಮನೆಗಳಲ್ಲಿ ಉಬ್ಬಸ ಇರುವ ಹೆಂಗಸೇ ಅಟ್ಟ ಹತ್ತಿ ಧೂಳು ಹೊಡೆಯುವವಳು. ಮಹಾನವಮಿ ಮುಂದಿನ ವಾರ ಪೂರ್ತಿ ಅವಳು ಸೆರಗನ್ನು ಮೂಗಿಗೆ ಸುತ್ತಿಕೊಂಡು ಹಿತ್ತಾಳೆ ಪಾತ್ರೆ ಇಳಿಸುತ್ತಾಳೆ, ಹಬ್ಬದ ದಿನ ಎದ್ದು ಕೂರಲಾಗದೆ ಮಲಗುತ್ತಾಳೆ. ಅಟ್ಟ, ಫ್ಯಾನು, ಗಾದಿ ಬಡಿಯುವುದು ಈ ಮೂರನ್ನು ಗಂಡನೋ ಮಗನೋ ಮಾಡಲಿ. ಆಗ ಅವಳು ಪಕ್ಕದ ಕೋಣೆಯಲ್ಲಲ್ಲ, ಮನೆಯಿಂದ ಹೊರಗಿರಬೇಕು. ಕೆಲಸ ಮುಗಿದು ಒಂದು ತಾಸು ಕಿಟಕಿ ತೆರೆದಿಟ್ಟು, ನೆಲ ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಒಳಗೆ ಬರಲಿ. ಒರೆಸುವುದೂ ಅವರೇ.